ಅಡುಗೆಮನೆಯ ನವೀಕರಣ: ದೀಪ ಮಾರುವವರ ಹೊಣೆ ಎಲ್ಲಿಯವರೆಗೆ?

ನಮ್ಮ ನಗರ ಪಟ್ಟಣಗಳ ವಿದ್ಯುತ್ ಸಾಮಗ್ರಿ ವ್ಯಾಪಾರಕ್ಕೆ ಇಂದು ಹೊಸ ಮನೆಗಳಷ್ಟೇ ಹಳೆಯ ಮನೆಗಳೂ ಆಧಾರವಾಗಿವೆ. 1980 ಮತ್ತು 1990ರ ದಶಕಗಳಲ್ಲಿ ಕಟ್ಟಿಸಿದ ಮನೆಗಳ ಅಡುಗೆಮನೆಗಳು ಈಗ ಒಂದೊಂದಾಗಿ ಹೊಸ ರೂಪ ತಾಳುತ್ತಿವೆ. ಕಡಪಾ ಕಲ್ಲಿನ ಕಟ್ಟೆಯ ಜಾಗಕ್ಕೆ ಗ್ರಾನೈಟ್ ಬಂದಿದೆ. ಗೋಡೆಯ ಗೂಡುಗಳ ಜಾಗಕ್ಕೆ ಮಾಡ್ಯುಲರ್ ಕಪಾಟುಗಳು ಬಂದಿವೆ. ತಲೆಯ ಮೇಲೆ ಜಿಪ್ಸಂ ಹಲಗೆಯ ಫಾಲ್ಸ್ ಸೀಲಿಂಗ್, ಅದರೊಳಗೆ ಹುದುಗಿಸಿದ ಆರೋ ಎಂಟೋ ಎಲ್.ಇ.ಡಿ. ದೀಪಗಳು. ಈ ವಹಿವಾಟು ಬೆಳೆಯುತ್ತಿರುವುದು ನಮ್ಮ ಸದಸ್ಯ ಬಾಂಧವರಿಗೆ ಸಂತೋಷದ ಸಂಗತಿಯೇ ಸರಿ. ಆದರೆ ಈ ಬೆಳವಣಿಗೆಯ ಜೊತೆಯಲ್ಲಿಯೇ ಬೆಳೆಯುತ್ತಿರುವ ಒಂದು ಅಪಾಯದ ಕಡೆಗೂ, ಅದರಿಂದ ವ್ಯಾಪಾರಸ್ಥರ ತಲೆಯ ಮೇಲೆ ಬರಬಹುದಾದ ಹೊಣೆಯ ಕಡೆಗೂ ಗಮನ ಸೆಳೆಯುವುದು ಈ ಲೇಖನದ ಉದ್ದೇಶ.

ಹೊಸ ಮನೆಗೆ ವಿದ್ಯುತ್ ಸಂಪರ್ಕ ಬೇಕಾದಾಗ ಲೈಸೆನ್ಸ್ ಪಡೆದ ಗುತ್ತಿಗೆದಾರನು ಕೆಲಸ ಪೂರ್ಣಗೊಂಡ ವರದಿಗೆ ಸಹಿ ಹಾಕಿ ಕೊಡಬೇಕು. ಅದಿಲ್ಲದೆ ಎಸ್ಕಾಂಗಳು ಮೀಟರು ಕೂಡಿಸುವುದಿಲ್ಲ. ಅದೇ ಮನೆಯ ಅಡುಗೆಮನೆಯನ್ನು ಇಪ್ಪತ್ತು ವರ್ಷಗಳ ನಂತರ ಒಡೆದು, ಹೊಸ ತಂತಿ ಎಳೆದು, ಹೊರೆಯನ್ನು ಎರಡು ಮೂರು ಪಟ್ಟು ಹೆಚ್ಚಿಸಿದಾಗ ಕೇಳುವವರು ಯಾರೂ ಇಲ್ಲ. ಮೀಟರು ಅದೇ, ಆರ್.ಆರ್. ಸಂಖ್ಯೆ ಅದೇ, ಮಂಜೂರಾದ ಹೊರೆಯೂ ಬಹುಪಾಲು ಅದೇ. ಗೋಡೆಯ ಒಳಗೆ ಮತ್ತು ಸೀಲಿಂಗಿನ ಮೇಲೆ ಏನಾಗಿದೆ ಎಂಬುದಕ್ಕೆ ಒಂದು ಚೀಟಿಯ ದಾಖಲೆಯೂ ಉಳಿಯುವುದಿಲ್ಲ.

ಕಾನೂನು ಮೌನವಾಗಿದೆ ಎಂದು ಯಾರೂ ಭಾವಿಸಬೇಕಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಜಾರಿಗೆ ಬಂದು, 2023ರಲ್ಲಿ ಹೊಸದಾಗಿ ರೂಪುಗೊಂಡಿವೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಾಯಿಸುವಂತಹ ಸಣ್ಣ ಕೆಲಸಗಳನ್ನು ಬಿಟ್ಟು, ಸೇರ್ಪಡೆ ಮತ್ತು ಮಾರ್ಪಾಡುಗಳೂ ಒಳಗೊಂಡಂತೆ ಎಲ್ಲ ವೈರಿಂಗ್ ಕೆಲಸವನ್ನು ಲೈಸೆನ್ಸುದಾರ ಗುತ್ತಿಗೆದಾರನೇ, ಅರ್ಹತಾ ಪ್ರಮಾಣಪತ್ರ ಉಳ್ಳವರ ನೇರ ಮೇಲ್ವಿಚಾರಣೆಯಲ್ಲಿ ಮಾಡಿಸತಕ್ಕದ್ದು ಎಂಬುದು ಅವುಗಳ ಆಶಯ. ಅಡುಗೆಮನೆಯ ನವೀಕರಣ ಈ ವ್ಯಾಖ್ಯೆಯೊಳಗೆ ನೇರವಾಗಿ ಬರುತ್ತದೆ. ಹೀಗಿದ್ದರೂ ವಾಸ್ತವದಲ್ಲಿ ಅದನ್ನು ವಿದ್ಯುತ್ ಕೆಲಸವೆಂದು ಯಾರೂ ಎಣಿಸುವುದೇ ಇಲ್ಲ. ಮನೆಯವರ ಲೆಕ್ಕದಲ್ಲಿ ಅದು ಬಡಗಿಯ ಕೆಲಸ, ಒಳಾಂಗಣ ವಿನ್ಯಾಸಕಾರರ ಲೆಕ್ಕದಲ್ಲಿ ಅಲಂಕಾರದ ಕೆಲಸ.

ಹೊರೆ ಅಲ್ಪ, ಜೋಡಣೆ ಅಧಿಕ

ಅಪಾಯ ಎಲ್ಲಿದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಹತ್ತು ವಾಟಿನ ಎಂಟು ದೀಪಗಳು ಸೇರಿದರೆ 80 ವಾಟ್. ನಮ್ಮ 230 ವೋಲ್ಟಿನ ಸರಬರಾಜಿನಲ್ಲಿ ಅದು ಸುಮಾರು ಮೂರನೇ ಒಂದು ಆಂಪಿಯರ್ ಮಾತ್ರ. ಹಿಂದೆ ಇದೇ ಜಾಗದಲ್ಲಿ 50 ವಾಟಿನ ಹ್ಯಾಲೊಜೆನ್ ದೀಪಗಳನ್ನು ಹಾಕುತ್ತಿದ್ದ ಕಾಲದಲ್ಲಿ ಎಂಟು ದೀಪಕ್ಕೆ 400 ವಾಟ್ ಆಗುತ್ತಿತ್ತು, ಸೀಲಿಂಗ್ ಕೈಯಿಟ್ಟರೆ ಸುಡುತ್ತಿತ್ತು. ಆ ದೃಷ್ಟಿಯಿಂದ ಎಲ್.ಇ.ಡಿ. ದೊಡ್ಡ ಉಪಕಾರವನ್ನೇ ಮಾಡಿದೆ. ಹೊರೆಯ ದೃಷ್ಟಿಯಿಂದ ನೋಡಿದರೆ ದೀಪಗಳ ಬಗ್ಗೆ ಚಿಂತಿಸುವ ಕಾರಣವೇ ಇಲ್ಲ.

ತೊಂದರೆ ಇರುವುದು ಜೋಡಣೆಗಳಲ್ಲಿ. ನಮ್ಮ ಮನೆಗಳ ಛಾವಣಿ ಕಾಂಕ್ರೀಟಿನದು. ಸ್ಲ್ಯಾಬು ಹಾಕುವಾಗಲೇ ಪೈಪು ಇಟ್ಟು, ಅಡುಗೆಮನೆಯ ಮಧ್ಯದಲ್ಲಿ ಒಂದು ಪಾಯಿಂಟ್ ಬಿಟ್ಟಿರುತ್ತಾರೆ. ಒಂದು ದೀಪ, ಎರಡು ತುದಿ, ಅಷ್ಟೇ. ಸ್ಲ್ಯಾಬಿನ ಕೆಳಗೆ ನಾಲ್ಕಾರು ಅಂಗುಲ ಬಿಟ್ಟು ಫಾಲ್ಸ್ ಸೀಲಿಂಗ್ ಇಳಿಸಿದ ಮೇಲೆ ಆ ಒಂದೇ ಪಾಯಿಂಟಿನಿಂದ ಎಂಟು ದೀಪಗಳಿಗೆ ಕವಲು ಒಡೆಯಬೇಕು. ಒಂದೊಂದು ದೀಪಕ್ಕೂ ಒಂದು ಡ್ರೈವರ್, ಒಂದೊಂದು ಡ್ರೈವರಿಗೂ ಫೇಸ್ ಒಂದು, ನ್ಯೂಟ್ರಲ್ ಒಂದು. ಹದಿನಾರು ಜೋಡಣೆಗಳಾದವು. ಲೋಹದ ಕವಚದ ದೀಪವಾದರೆ ಅರ್ಥಿಂಗ್ ತಂತಿಯೂ ಸೇರಬೇಕು. ಹಳೆಯ ಮನೆಗಳಲ್ಲಿ ದೀಪದ ಪಾಯಿಂಟಿನವರೆಗೆ ಅರ್ಥಿಂಗ್ ತಂತಿ ಎಳೆದಿರುವುದು ಅಪರೂಪ. ಇವೆಲ್ಲವೂ ಸೀಲಿಂಗಿನ ಮೇಲೆ, ಕಣ್ಣಿಗೆ ಬೀಳದ ಜಾಗದಲ್ಲಿ, ಸ್ಕ್ರೂ ಕನೆಕ್ಟರ್ ಇಲ್ಲದೆ, ಡಬ್ಬಿ ಇಲ್ಲದೆ, ಬರಿಯ ತಿರುಚುವಿಕೆ ಮತ್ತು ಟೇಪಿನ ಮೇಲೆ ನಿಂತಿರುತ್ತವೆ. ಅಡುಗೆಮನೆಯ ಆವಿ ಮತ್ತು ಒಗ್ಗರಣೆಯ ಎಣ್ಣೆ ಜಿಡ್ಡು ಅಲ್ಲಿಗೂ ತಲುಪುತ್ತದೆ. ವರ್ಷವೆರಡು ಕಳೆದರೆ ಟೇಪಿನ ಅಂಟು ಬಿಡುತ್ತದೆ.

1970 ಮತ್ತು 80ರ ದಶಕದ ಅನೇಕ ಮನೆಗಳಲ್ಲಿ ಇನ್ನೂ ಅಲ್ಯೂಮಿನಿಯಂ ತಂತಿಯೇ ಉಳಿದಿದೆ. ಅದಕ್ಕೆ ಹೊಸ ತಾಮ್ರದ ತಂತಿಯನ್ನು ನೇರವಾಗಿ ತಿರುಚಿ ಕಟ್ಟಿದರೆ, ತೇವವಿರುವ ಜಾಗದಲ್ಲಿ ಎರಡು ಲೋಹಗಳ ನಡುವೆ ಸವೆತ ಉಂಟಾಗಿ ಜೋಡಣೆ ಸಡಿಲವಾಗುವುದು ನಿಶ್ಚಿತ. ಸಡಿಲವಾದ ಜೋಡಣೆ ಬಿಸಿಯಾಗುತ್ತದೆ, ಬಿಸಿಯಾದದ್ದು ಇನ್ನೂ ಸಡಿಲವಾಗುತ್ತದೆ. ಈ ಬಿಸಿಯನ್ನು ಎಂ.ಸಿ.ಬಿ. ಗುರುತಿಸಲಾರದು. ಏಕೆಂದರೆ ಹರಿಯುತ್ತಿರುವ ವಿದ್ಯುತ್ತು ಮಿತಿಯೊಳಗೇ ಇರುತ್ತದೆ.

ಮೇಲಿನ ಛಾವಣಿಯಿಂದ ನೀರು ಜಿನುಗಿ ಹಾಳಾದ ಅಂತಹ ಒಂದು ಸೀಲಿಂಗನ್ನು ಬಿಚ್ಚಿದಾಗ ಹತ್ತಿರದಲ್ಲಿ ನಿಂತು ನೋಡುವ ಪ್ರಸಂಗ ಒದಗಿತ್ತು. ದೀಪಗಳಿಗೆ ಕರೆಗಂಟೆಗೆ ಬಳಸುವಂತಹ ಸಪೂರ ಜೋಡಿ ತಂತಿ ಎಳೆಯಲಾಗಿತ್ತು. ಅದರ ಮೂಲವನ್ನು ಹುಡುಕಿದರೆ, ದೀಪದ ಸರ್ಕ್ಯೂಟಿನಿಂದಲ್ಲ, ಓವನ್ನಿಗೆಂದು ಬಿಟ್ಟಿದ್ದ 16 ಆಂಪಿಯರ್ ಸಾಕೆಟ್ಟಿನ ಹಿಂಬದಿಯಿಂದ. ಅಂದರೆ ಆ ಸಪೂರ ತಂತಿಗೆ ಕಾವಲಾಗಿ ಇದ್ದದ್ದು 20 ಆಂಪಿಯರಿನ ಎಂ.ಸಿ.ಬಿ. ತಂತಿ ಕರಗಿ ಹೋಗುವವರೆಗೂ ಆ ಎಂ.ಸಿ.ಬಿ. ಬೀಳುವ ಸಂಭವವಿರಲಿಲ್ಲ. ಕೆಳಗಿನಿಂದ ನೋಡುವವರಿಗೆ ಆ ಅಡುಗೆಮನೆ ಕ್ಯಾಟಲಾಗಿನ ಚಿತ್ರದಂತಿತ್ತು. ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತು ಇಲ್ಲಿ ತಲೆಕೆಳಗಾಗಿ ಅನ್ವಯಿಸುತ್ತದೆ, ಥಳಕೆಲ್ಲ ಕೆಳಗಿತ್ತು.

ದೀಪಗಳ ಕೆಳಗೆ, ಕಟ್ಟೆಯ ಮೇಲೆ ಹೊರೆಯ ಲೆಕ್ಕವೇ ಬೇರೆ. ಇಂಡಕ್ಷನ್ ಒಲೆ 2000 ವಾಟ್, ವಿದ್ಯುತ್ ಕೆಟಲ್ 1500, ಮೈಕ್ರೋವೇವ್ 1300, ಮಿಕ್ಸರ್ 750. ಹಬ್ಬದ ಮುಂಜಾನೆ ಈ ನಾಲ್ಕೂ ಒಟ್ಟಿಗೆ ನಡೆದರೆ 5550 ವಾಟ್, ಅಂದರೆ 24 ಆಂಪಿಯರ್. ಪಾತ್ರೆ ತೊಳೆಯುವ ಯಂತ್ರವನ್ನೂ ಸಿಂಕಿನ ಕೆಳಗಿನ ಪುಟ್ಟ ಗೀಸರನ್ನೂ ಇನ್ನೂ ಸೇರಿಸಿಲ್ಲ. ಹಳೆಯ ಅಡುಗೆಮನೆ ಮಿಕ್ಸರು, ಫ್ರಿಜ್ಜು ಎರಡನ್ನು ಗಮನದಲ್ಲಿಟ್ಟುಕೊಂಡು ವೈರಿಂಗ್ ಆಗಿರುತ್ತದೆ. ತಂತಿಯಲ್ಲಿ ಹರಿಯುವ ವಿದ್ಯುತ್ತು ಇಮ್ಮಡಿಯಾದರೆ ಹುಟ್ಟುವ ಶಾಖ ನಾಲ್ಮಡಿಯಾಗುತ್ತದೆ ಎಂಬುದು ಶಾಲೆಯ ಪಾಠ. ಹೊಸ ಕಟ್ಟೆ, ಹೊಸ ಟೈಲು, ಹೊಸ ಸಾಕೆಟ್ಟುಗಳಿಗೆ ಹಣ ತೆತ್ತವರು ವಿತರಣಾ ಪೆಟ್ಟಿಗೆಯಿಂದ ಅಡುಗೆಮನೆಗೆ ಬರುವ ತಂತಿಯನ್ನು ಮಾತ್ರ ಹಳೆಯದನ್ನೇ ಉಳಿಸಿಕೊಳ್ಳುತ್ತಾರೆ, ಅದನ್ನು ಬದಲಾಯಿಸಲು ಹಜಾರದ ಗೋಡೆ ಕೊರೆಯಬೇಕಾಗುತ್ತದೆ ಎಂಬ ಕಾರಣಕ್ಕೆ.

ಕೆಲಸದ ಸರದಿಯೂ ಈ ಅವ್ಯವಸ್ಥೆಗೆ ಕಾರಣ. ಮೊದಲು ಗಾರೆ ಮೇಸ್ತ್ರಿ, ಆಮೇಲೆ ಪ್ಲಂಬರ್, ನಂತರ ಎಲೆಕ್ಟ್ರಿಷಿಯನ್, ಆಮೇಲೆ ಟೈಲ್ಸಿನವನು. ಅಷ್ಟರಲ್ಲಿ ಗೋಡೆ ಮುಚ್ಚಿಹೋಗಿರುತ್ತದೆ. ಮಾಡ್ಯುಲರ್ ಕಪಾಟು ಕೂಡಿಸಲು ಬರುವ ಬಡಗಿಗೆ ಪೈಪು ಎಲ್ಲಿ ಹಾದಿದೆ ಎಂಬುದು ತಿಳಿಯದು. ಅವನ ಡ್ರಿಲ್ಲು ನೇರವಾಗಿ ತಂತಿಯನ್ನು ಹೊಕ್ಕ ಉದಾಹರಣೆಗಳು ನಮ್ಮ ಅಂಗಡಿಗಳಲ್ಲಿ ದಿನವೂ ಕೇಳಿಬರುವ ಮಾತು. ಕೊನೆಗೆ ಬರುವ ಸೀಲಿಂಗಿನವನು ವೃತ್ತಗಳನ್ನು ಕೊರೆದು, ದೀಪಗಳನ್ನು ತಾನೇ ಕೂಡಿಸಿ ಹೋಗುತ್ತಾನೆ. ಆರು ಮಂದಿಯ ಕೈ ಹಾದ ಕೆಲಸಕ್ಕೆ ಒಬ್ಬನೂ ಹೊಣೆಯಲ್ಲ.

ಬೀಳುವ ಸಾಧನವನ್ನೇ ಕಿತ್ತುಹಾಕುವ ರೂಢಿ

ಸುರಕ್ಷತಾ ನಿಯಮಗಳು, ಸಣ್ಣ ಹೊರೆಯ ಸಂಪರ್ಕಗಳನ್ನು ಬಿಟ್ಟರೆ, ಭೂ ಸೋರಿಕೆಯನ್ನು ಗುರುತಿಸಿ ಸಂಪರ್ಕ ಕಡಿದುಹಾಕುವ ಸಾಧನವನ್ನು ವಿಧಿಸುತ್ತವೆ. ಮನೆಗಳಿಗೆ ಅದರ ಮಿತಿ 30 ಮಿಲಿಆಂಪಿಯರ್. ಆರ್.ಸಿ.ಸಿ.ಬಿ. ಎಂದು ನಾವು ಮಾರುವುದು ಇದನ್ನೇ. ಒದ್ದೆ ಕೈ, ನೀರು, ಲೋಹದ ಪಾತ್ರೆ ಮೂರೂ ಒಂದೆಡೆ ಇರುವ ಅಡುಗೆಮನೆಗೆ ಇದಕ್ಕಿಂತ ಮುಖ್ಯವಾದ ಸಾಧನ ಬೇರೊಂದಿಲ್ಲ. ಎಂ.ಸಿ.ಬಿ. ಕಾಯುವುದು ತಂತಿಯನ್ನು, ಆರ್.ಸಿ.ಸಿ.ಬಿ. ಕಾಯುವುದು ಮನುಷ್ಯನನ್ನು. ಈ ಭೇದವನ್ನು ಗ್ರಾಹಕರಿಗೆ ಬಿಡಿ, ಕೌಂಟರಿನಲ್ಲಿ ನಿಂತ ನಮ್ಮ ಹುಡುಗರಿಗೂ ಅನೇಕ ವೇಳೆ ತಿಳಿಸಿ ಹೇಳಬೇಕಾಗುತ್ತದೆ.

ನವೀಕರಣದ ನಂತರ ಇದು ಪದೇ ಪದೇ ಬೀಳುತ್ತದೆ ಎಂಬ ದೂರು ಸಾಮಾನ್ಯ. ಅದಕ್ಕೆ ಪ್ರಮುಖ ಕಾರಣ ಇನ್‌ವರ್ಟರ್. ಅಡುಗೆಮನೆಯ ಹೊಸ ದೀಪಗಳನ್ನು ಇನ್‌ವರ್ಟರಿನ ಸಾಲಿಗೆ ಸೇರಿಸುವಾಗ ಫೇಸನ್ನು ಮಾತ್ರ ಅತ್ತ ಕೊಟ್ಟು, ನ್ಯೂಟ್ರಲನ್ನು ಕೈಗೆ ಸಿಕ್ಕ ಮುಖ್ಯ ಸಾಲಿನದನ್ನೇ ಹಿಡಿದುಕೊಳ್ಳುತ್ತಾರೆ. ಹೋದ ವಿದ್ಯುತ್ತು ಹೋದ ದಾರಿಯಲ್ಲಿ ಮರಳದಿದ್ದಾಗ ಆರ್.ಸಿ.ಸಿ.ಬಿ. ಅದನ್ನು ಸೋರಿಕೆಯೆಂದೇ ತಿಳಿದು ಬೀಳುತ್ತದೆ. ಸಾಧನ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ನ್ಯೂಟ್ರಲುಗಳನ್ನು ಬೇರ್ಪಡಿಸಲು ಅರ್ಧ ದಿನ ಬೇಕು. ಆರ್.ಸಿ.ಸಿ.ಬಿ.ಯನ್ನು ಬದಿಗೆ ಸರಿಸಿ ನೇರ ತಂತಿ ಕೊಡಲು ಐದು ನಿಮಿಷ ಸಾಕು. ಎರಡನೆಯದೇ ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವೊಮ್ಮೆ ಪೆಟ್ಟಿಗೆಯಲ್ಲಿ ಸಾಧನವನ್ನು ಹಾಗೆಯೇ ಬಿಟ್ಟಿರುತ್ತಾರೆ. ಮನೆಯವರು ಅದನ್ನು ನೋಡಿ ತಾವು ಕ್ಷೇಮವೆಂದು ನಂಬಿರುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ ವಾರ್ಷಿಕ ವರದಿಗಳಲ್ಲಿ ವಿದ್ಯುದಾಘಾತದಿಂದ ಸತ್ತವರ ಸಂಖ್ಯೆ ವರ್ಷಕ್ಕೆ ಹತ್ತು ಸಾವಿರವನ್ನು ಮೀರಿ ದಾಖಲಾಗುತ್ತ ಬಂದಿರುವ ದೇಶ ನಮ್ಮದು.

ಬೆಲೆ ಇಳಿದ ಕಥೆ

ಮಾಲಿನ ಗುಣಮಟ್ಟದ ಬಗ್ಗೆ ಎರಡು ಮಾತು. ಸರ್ಕಾರಿ ಯೋಜನೆಗಾಗಿ ಎಲ್.ಇ.ಡಿ. ಬಲ್ಬನ್ನು 2014ರಲ್ಲಿ 310 ರೂಪಾಯಿಗೆ ಖರೀದಿಸಲಾಗಿತ್ತು. 2016ರಲ್ಲಿ ಅದೇ ಖರೀದಿ ಬೆಲೆ 38 ರೂಪಾಯಿಗೆ ಇಳಿಯಿತು. ಗ್ರಾಹಕನಿಗೆ ಇದರಿಂದ ಲಾಭವಾದದ್ದು ನಿಜ. ಆದರೆ ಅದರ ಬೆನ್ನಲ್ಲೇ ಚಿಲ್ಲರೆ ಮಾರುಕಟ್ಟೆಯಲ್ಲಿ ಹುದುಗಿಸುವ ದೀಪಗಳ ಬೆಲೆಯೂ ಕುಸಿದು, ಲಾಭಾಂಶ ಕರಗಿ, ಹೆಸರಿಲ್ಲದ ಮಾಲಿಗೆ ಬಾಗಿಲು ತೆರೆಯಿತು. ದೀಪದ ಮುಖ ಎಲ್ಲದರದ್ದೂ ಒಂದೇ ಬಗೆ. ವ್ಯತ್ಯಾಸವಿರುವುದು ಬೆನ್ನಿನಲ್ಲಿ, ಅಂದರೆ ಶಾಖ ಹೊರಹಾಕುವ ಅಲ್ಯೂಮಿನಿಯಂ ಭಾಗದ ದಪ್ಪದಲ್ಲಿ ಮತ್ತು ಡ್ರೈವರಿನ ಒಳಗಿನ ಕೆಪಾಸಿಟರಿನಲ್ಲಿ. ಈ ಕೆಪಾಸಿಟರು ಕೆಲಸ ಮಾಡುವ ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಯಾರಕರೆಲ್ಲ ಬಲ್ಲ ಲೆಕ್ಕಾಚಾರ. ಒಲೆಯ ಮೇಲಿನ ಸೀಲಿಂಗಿನಲ್ಲಿ, ಗಾಳಿಯಾಡದ ನಾಲ್ಕಂಗುಲ ಜಾಗದಲ್ಲಿ ಅಗ್ಗದ ಡ್ರೈವರು ಬಾಳುವುದು ಹೇಗೆ? ಎಂಟು ದೀಪಗಳಲ್ಲಿ ಎರಡು ಮಿಣುಕಲು ಆರಂಭಿಸಿದಾಗ ಗ್ರಾಹಕ ಬರುವುದು ಅಂಗಡಿಗೇ ಹೊರತು ಆಮದುದಾರನ ಬಳಿಗಲ್ಲ.

ವೈರು, ಸ್ವಿಚ್ಚು, ಎಂ.ಸಿ.ಬಿ. ಮುಂತಾದವುಗಳಿಗೆ ಗುಣಮಟ್ಟ ನಿಯಂತ್ರಣ ಆದೇಶ ಬಂದದ್ದು 2003ರಲ್ಲಿ. ಐ.ಎಸ್.ಐ. ಗುರುತಿಲ್ಲದೆ ಅವುಗಳನ್ನು ತಯಾರಿಸುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ಹುದುಗಿಸುವ ಎಲ್.ಇ.ಡಿ. ದೀಪಗಳು 2017ರಲ್ಲಿ ಕಡ್ಡಾಯ ನೋಂದಣಿಯ ಪಟ್ಟಿಗೆ ಸೇರಿದವು. ಅವುಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆ ಇರಬೇಕು, ಅದನ್ನು ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಗುರುತು ಇದ್ದ ಮಾತ್ರಕ್ಕೆ ಮಾಲು ಸಾಚಾ ಎಂದಲ್ಲ, ಗುರುತನ್ನೂ ನಕಲು ಮಾಡುವವರಿದ್ದಾರೆ. ಆದರೆ ಗುರುತೇ ಇಲ್ಲದ್ದನ್ನು ಕೌಂಟರಿನ ಮೇಲಿಡುವವನಿಗೆ ಹೇಳಿಕೊಳ್ಳಲು ಯಾವ ಸಮರ್ಥನೆಯೂ ಉಳಿಯುವುದಿಲ್ಲ.

ವೈರಿನ ವಿಷಯದಲ್ಲಿ ತಕ್ಕಡಿಯೇ ಒಳ್ಳೆಯ ಪರೀಕ್ಷಕ. ತಾಮ್ರದ ದರ 2003ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ಸರಾಸರಿ ಟನ್ನಿಗೆ 2000 ಡಾಲರಿಗಿಂತ ಕಡಿಮೆ ಇತ್ತು. 2024ರ ಮೇ ತಿಂಗಳಲ್ಲಿ ಅದು 10000 ಡಾಲರನ್ನು ದಾಟಿತು. ದರ ಏರಿದಷ್ಟೂ ತಾಮ್ರ ಕದಿಯುವ ಆಸೆ ಏರುತ್ತದೆ. ತೊಂಬತ್ತು ಮೀಟರಿನ ಎರಡೂವರೆ ಚದರ ಮಿಲಿಮೀಟರ್ ವೈರಿನ ಕಾಯಿಲಿನಲ್ಲಿ ಹೆಸರಿಗೆ ತಕ್ಕ ಲೆಕ್ಕದಂತೆ ತಾಮ್ರವೇ ಎರಡು ಕಿಲೋದಷ್ಟು ಇರಬೇಕು. ಮಾನಕವು ಗಾತ್ರಕ್ಕಿಂತ ರೋಧವನ್ನು ಮುಖ್ಯವಾಗಿ ನಿಗದಿಪಡಿಸುವುದರಿಂದ (ಎರಡೂವರೆಯ ಬಳುಕುವ ವೈರಿಗೆ ಕಿಲೋಮೀಟರಿಗೆ 7.98 ಓಮ್ ಮೀರಬಾರದು) ಶುದ್ಧ ತಾಮ್ರದಲ್ಲಿ ಅದು ಒಂದೂಮುಕ್ಕಾಲು ಕಿಲೋದವರೆಗೆ ಇಳಿದರೂ ತಪ್ಪೆನ್ನಲಾಗದು. ಹೊದಿಕೆಯೂ ಸೇರಿದ ಇಡೀ ಕಾಯಿಲಿನ ತೂಕವೇ ಅಷ್ಟಕ್ಕಿಂತ ಕಡಿಮೆ ಬಂದರೆ, ಉದ್ದ ಕಡಿಮೆ ಇದೆ, ಇಲ್ಲವೇ ತಾಮ್ರದ ತೆಳು ಲೇಪ ಹೊದ್ದ ಅಲ್ಯೂಮಿನಿಯಂ ತಂತಿಯನ್ನು ತಾಮ್ರವೆಂದು ಕೊಡಲಾಗಿದೆ ಎಂದು ತಿಳಿಯಬಹುದು. ಸಗಟು ಖರೀದಿಯಲ್ಲಿ ಹತ್ತರಲ್ಲಿ ಒಂದು ಕಾಯಿಲನ್ನಾದರೂ ತೂಗಿ ನೋಡುವುದು ಕಷ್ಟದ ಕೆಲಸವೇನಲ್ಲ.

ಮಾರಾಟಗಾರನೂ ಪ್ರತಿವಾದಿ

ಇಷ್ಟನ್ನೂ ಓದಿದ ಸದಸ್ಯರು ಒಂದು ಪ್ರಶ್ನೆ ಕೇಳಬಹುದು. “ನಾವು ಮಾಲು ಮಾರುವವರು. ಗ್ರಾಹಕ ಕೇಳಿದ್ದನ್ನು ಕೊಡುತ್ತೇವೆ. ಅದನ್ನು ಹೇಗೆ ಕೂಡಿಸಿದರು ಎಂಬುದಕ್ಕೆ ನಾವು ಹೇಗೆ ಹೊಣೆ?” ಪ್ರಶ್ನೆ ನ್ಯಾಯವಾದದ್ದೇ. ಆದರೆ 2020ರ ಜುಲೈನಿಂದ ಇದರ ಉತ್ತರ ಬದಲಾಗಿದೆ. ಆಗ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ಉತ್ಪನ್ನ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವಿದೆ. ಅದರಂತೆ ದೋಷಯುಕ್ತ ಉತ್ಪನ್ನದಿಂದ ಹಾನಿಯಾದಾಗ ತಯಾರಕನಷ್ಟೇ ಅಲ್ಲ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರನೂ ಪರಿಹಾರಕ್ಕೆ ಬಾಧ್ಯನಾಗುತ್ತಾನೆ. ಆ ಸಂದರ್ಭಗಳಲ್ಲಿ ಒಂದು, ಮಾರಿದ ವಸ್ತುವಿನ ತಯಾರಕ ಯಾರೆಂದೇ ತಿಳಿಯದಿರುವುದು ಅಥವಾ ತಿಳಿದರೂ ಅವನಿಗೆ ನೋಟೀಸು ಮುಟ್ಟಿಸಲಾಗದಿರುವುದು. ಇನ್ನೊಂದು, ತಯಾರಕ ಕೊಟ್ಟ ಎಚ್ಚರಿಕೆ ಮತ್ತು ಸೂಚನೆಗಳನ್ನು ಗ್ರಾಹಕನಿಗೆ ತಲುಪಿಸದಿರುವುದು.

ಹೆಸರಿಲ್ಲದ ದೀಪದ ಪೆಟ್ಟಿಗೆಯನ್ನು ಈ ಬೆಳಕಿನಲ್ಲಿ ಒಮ್ಮೆ ನೋಡಬೇಕು. ಅದರ ಮೇಲೆ ತಯಾರಕನ ವಿಳಾಸವಿಲ್ಲ. ಅಂದ ಮೇಲೆ ಆಯೋಗದ ಮುಂದೆ ನಿಲ್ಲುವವನು ಬಿಲ್ಲು ಕೊಟ್ಟ ಅಂಗಡಿಯವನೇ. “ಹಾಗಾದರೆ ಬಿಲ್ಲೇ ಕೊಡದಿದ್ದರಾಯಿತು” ಎಂದು ನಗುವವರಿದ್ದಾರೆ. ಜಿ.ಎಸ್.ಟಿ. ಇಲಾಖೆಯ ಮಾತು ಒತ್ತಟ್ಟಿಗಿರಲಿ, ಡಿಜಿಟಲ್ ಪಾವತಿಯ ಈ ದಿನಗಳಲ್ಲಿ ಗ್ರಾಹಕನ ಫೋನಿನಲ್ಲಿಯೇ ಖರೀದಿಯ ದಾಖಲೆ ಉಳಿದಿರುತ್ತದೆ. ಕೂಡಿಸುವ ಕೆಲಸವನ್ನೂ ವಹಿಸಿಕೊಳ್ಳುವ ಅಂಗಡಿಗಳಿಗೆ ಸೇವೆ ಒದಗಿಸುವವನ ಹೊಣೆ ಪ್ರತ್ಯೇಕವಾಗಿ ಸೇರುತ್ತದೆ.

ಇದರ ಜೊತೆಗೆ ನಮ್ಮ ವ್ಯಾಪಾರದ ಒಂದು ರೂಢಿಯನ್ನೂ ಮುಚ್ಚುಮರೆಯಿಲ್ಲದೆ ಚರ್ಚಿಸುವುದು ಒಳ್ಳೆಯದು. ವೈರಿನ ಪೆಟ್ಟಿಗೆಯೊಳಗಿನ ಕೂಪನ್ನು, ಸ್ವಿಚ್ಚಿನ ಮೇಲಿನ ಪಾಯಿಂಟುಗಳು, ಅಂಗಡಿಯಿಂದ ಎಲೆಕ್ಟ್ರಿಷಿಯನ್ನರಿಗೆ ಸಲ್ಲುವ ಕಮಿಷನ್, ಇವು ಎಲ್ಲರಿಗೂ ತಿಳಿದ ಸಂಗತಿಗಳು. ಗ್ರಾಹಕನನ್ನು ಕರೆತರುವವನಿಗೆ ಏನಾದರೂ ಕೊಡುವುದು ಅಪರಾಧವೆಂದು ನಾನು ಹೇಳುವುದಿಲ್ಲ. ಆದರೆ ಈ ವ್ಯವಸ್ಥೆಯಲ್ಲಿ ಪ್ರತಿಫಲ ಸಿಗುವುದು ಕೊಂಡ ಮಾಲಿಗೆ, ಮಾಡಿದ ಕೆಲಸಕ್ಕಲ್ಲ. ಎಂಟು ದೀಪ ಹೆಚ್ಚು ಮಾರಿಸಿದವನಿಗೆ ಪಾಯಿಂಟು ಉಂಟು, ಪ್ರತ್ಯೇಕ ಅರ್ಥಿಂಗ್ ತಂತಿ ಎಳೆದವನಿಗೆ ಇಲ್ಲ. ನಾಲ್ಕು ಲಕ್ಷದ ಅಡುಗೆಮನೆಯಲ್ಲಿ ಕೆಲವು ಸಾವಿರದ ಆರ್.ಸಿ.ಸಿ.ಬಿ. ಮತ್ತು ಹೊಸ ಮುಖ್ಯ ತಂತಿಯನ್ನು ಮನೆಯವರು ಬೇಡವೆನ್ನುವುದು ಹಣ ಉಳಿಸುವ ಸಲುವಾಗಿಯೇ ಎಂದು ತಿಳಿಯಬಾರದು. ಬಹಳ ಸಲ ಅದರ ಮಾತನ್ನೇ ಯಾರೂ ಎತ್ತಿರುವುದಿಲ್ಲ.

ಸಣ್ಣ ತಯಾರಕರ ಅಳಲನ್ನೂ ಕೇಳಬೇಕು. ಪೀಣ್ಯದಲ್ಲಾಗಲಿ, ಹುಬ್ಬಳ್ಳಿ, ಮೈಸೂರುಗಳ ಕೈಗಾರಿಕಾ ಪ್ರದೇಶಗಳಲ್ಲಾಗಲಿ ದೀಪ ಜೋಡಿಸುವ ಪುಟ್ಟ ಘಟಕಕ್ಕೆ ಒಂದೊಂದು ಮಾದರಿಯ ಪರೀಕ್ಷೆ ಮತ್ತು ನೋಂದಣಿಯ ವೆಚ್ಚ ಭಾರವೇ ಸರಿ. ವಾಟ್ ಬದಲಾದರೆ, ಆಕಾರ ಬದಲಾದರೆ ಮತ್ತೆ ಕಾಗದಪತ್ರ. ಅತ್ತ ಆಮದು ಮಾಲು ಯಾವ ಹೆಸರೂ ಇಲ್ಲದೆ ಬಂದು ಮೂಟೆಯ ಲೆಕ್ಕದಲ್ಲಿ ಮಾರಾಟವಾಗುತ್ತಿರುವಾಗ ನಿಯಮ ಪಾಲಿಸಿದವನಿಗೇ ನಷ್ಟವಾಗುವ ಸ್ಥಿತಿ ಇದೆ. ಇದಕ್ಕೆ ನೋಂದಣಿಯನ್ನೇ ಸಡಿಲಗೊಳಿಸಿ ಎಂದು ಕೇಳುವುದು ಮದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಸಡಿಲಗೊಳಿಸಿದರೆ ಮೂಟೆಯ ಮಾಲಿಗೇ ಮೊದಲ ಅನುಕೂಲ. ಬೆಂಗಳೂರಿನಲ್ಲಿ 1960ರಿಂದಲೂ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ. ಅಂತಹ ಪ್ರಯೋಗಾಲಯಗಳಲ್ಲಿ ಹಲವು ಘಟಕಗಳ ಮಾದರಿಗಳನ್ನು ಒಟ್ಟಾಗಿ ಪರೀಕ್ಷೆಗೆ ಒಡ್ಡಿ ವೆಚ್ಚ ಹಂಚಿಕೊಳ್ಳುವ ಏರ್ಪಾಡನ್ನು ನಮ್ಮ ಸಂಸ್ಥೆ ಮುಂದೆ ನಿಂತು ಮಾಡಿಸಬಹುದು.

ದೀಪದ ಬೆಲೆಯಲ್ಲಿ ಹೊರಗಿನ ಮಾಲಿನೊಡನೆ ಸೆಣಸುವುದಕ್ಕಿಂತ, ದೀಪದ ಹಿಂದೆ ಬೇಕಾದ ವಸ್ತುಗಳಲ್ಲಿ ಸಣ್ಣ ಉದ್ದಿಮೆಗಳಿಗೆ ಹೆಚ್ಚಿನ ಅವಕಾಶವಿದೆ. ಸೀಲಿಂಗಿನ ಮೇಲೆ ಜೋಡಣೆಗಳನ್ನು ಮುಚ್ಚಿಡುವ ಪುಟ್ಟ ಡಬ್ಬಿ, ಟೇಪಿನ ಅಗತ್ಯವಿಲ್ಲದ ಕನೆಕ್ಟರುಗಳು, ದೀಪ ತೆಗೆದರೆ ಅದೇ ರಂಧ್ರದಿಂದ ಕೈಗೆಟುಕುವಂತೆ ಡ್ರೈವರನ್ನು ತೂಗುಹಾಕುವ ಕೊಕ್ಕೆ, ಆರು ಅಥವಾ ಎಂಟು ದೀಪಗಳಿಗೆ ಅಳತೆಯಂತೆ ಕಾರ್ಖಾನೆಯಲ್ಲಿಯೇ ಸಿದ್ಧಪಡಿಸಿ ಪರೀಕ್ಷಿಸಿದ ತಂತಿಯ ಸರ. ಇಂಥವು ಇಂದು ನಮ್ಮ ಅಂಗಡಿಗಳಲ್ಲಿ ಕೇಳಿದರೂ ಸುಲಭವಾಗಿ ಸಿಗುವುದಿಲ್ಲ. ಸಿಗದಿರುವುದರಿಂದಲೇ ಟೇಪಿನ ಸುರುಳಿ ಇಷ್ಟು ಮಾರಾಟವಾಗುತ್ತಿದೆ.

ಒಂದು ಹಾಳೆಯ ಪ್ರಸ್ತಾಪ

ಸರ್ಕಾರದಿಂದ ಹೊಸ ತಪಾಸಣೆ, ಹೊಸ ಅನುಮತಿ ಬೇಕೆಂದು ನಾನು ಕೇಳುತ್ತಿಲ್ಲ. ಪ್ರತಿ ಅಡುಗೆಮನೆಗೆ ಒಬ್ಬ ಪರಿವೀಕ್ಷಕ ಬರಬೇಕೆಂದರೆ ಆಗುವುದು ಏನೆಂದು ನಮಗೆಲ್ಲ ಗೊತ್ತು. ವ್ಯಾಪಾರಸ್ಥರೇ ಆರಂಭಿಸಬಹುದಾದ ಒಂದು ಕ್ರಮವಿದೆ. ನವೀಕರಣಕ್ಕೆಂದು ಸಾಮಗ್ರಿ ಒಯ್ಯುವ ಗ್ರಾಹಕನಿಗೆ ಬಿಲ್ಲಿನ ಜೊತೆಯಲ್ಲಿ ಕನ್ನಡದಲ್ಲಿ ಮುದ್ರಿಸಿದ ಒಂದು ಹಾಳೆಯನ್ನು ಕೊಡಬೇಕು. ಅಡುಗೆಮನೆಗೆ ಬರುವ ಸರ್ಕ್ಯೂಟುಗಳೆಷ್ಟು, ಒಂದೊಂದರ ತಂತಿಯ ಗಾತ್ರವೇನು, ಅದನ್ನು ಕಾಯುವ ಎಂ.ಸಿ.ಬಿ. ಎಷ್ಟು ಆಂಪಿಯರಿನದು ಎಂದು ಅದರಲ್ಲಿ ಬರೆಯಲು ಜಾಗವಿರಲಿ. ದೀಪಗಳಿಗೆ ಒಂದೂವರೆಯ ತಂತಿ ಮತ್ತು 6 ಆಂಪಿಯರ್, 16 ಆಂಪಿಯರ್ ಸಾಕೆಟ್ಟುಗಳಿಗೆ ಕಡಿಮೆಯೆಂದರೆ ಎರಡೂವರೆ, ಗೀಸರಿಗೆ ಬೇರೆಯದೇ ನಾಲ್ಕರ ತಂತಿ ಎಂಬ ಸಾಮಾನ್ಯ ರೂಢಿಯನ್ನು ಅಲ್ಲಿಯೇ ಮುದ್ರಿಸಬಹುದು. ಕೆಲಸ ಮಾಡಿದವನ ಹೆಸರು ಮತ್ತು ಅವನ ಪರವಾನಗಿ ಸಂಖ್ಯೆಗೆ ಒಂದು ಸಾಲು. ಪರವಾನಗಿ ಇಲ್ಲದ ಕುಶಲ ಕೆಲಸಗಾರರು ಬಹಳ ಮಂದಿ ಇದ್ದಾರೆ ಎಂಬುದನ್ನು ಬಲ್ಲೆ. ಅವರನ್ನು ದೂರವಿಡುವ ಬದಲು ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರವಾನಗಿ ಪಡೆಯುವಂತೆ ತಯಾರು ಮಾಡುವ ಶಿಬಿರಗಳನ್ನು ನಡೆಸಿದರೆ, ಕೂಪನ್ನಿಗೆ ಹೋಗುವ ಹಣದ ಒಂದಂಶಕ್ಕೆ ಸಾರ್ಥಕ ಬಳಕೆಯಾದೀತು.

ಹಾಳೆಯ ಕೊನೆಯಲ್ಲಿ ಎರಡು ಪರೀಕ್ಷೆಗಳ ಫಲಿತಾಂಶ ಇರಬೇಕು. ಮೊದಲನೆಯದು ನಿರೋಧ ಪರೀಕ್ಷೆ. 500 ವೋಲ್ಟಿನ ಮೆಗ್ಗರಿನಿಂದ ಅಳೆದಾಗ ಒಂದು ಮೆಗಾಓಮಿಗಿಂತ ಕಡಿಮೆ ಬರಕೂಡದು. ಡ್ರೈವರುಗಳನ್ನೂ ಉಪಕರಣಗಳನ್ನೂ ಕೂಡಿಸುವ ಮುನ್ನ ಇದನ್ನು ಮಾಡತಕ್ಕದ್ದು, ಇಲ್ಲವಾದರೆ ಪರೀಕ್ಷೆಯೇ ಡ್ರೈವರನ್ನು ಸುಟ್ಟೀತು. ಎರಡನೆಯದು ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿಯನ್ನು ಮನೆಯವರ ಕೈಯಲ್ಲಿಯೇ ಒತ್ತಿಸಿ ತೋರಿಸುವುದು. ಗುಂಡಿ ಒತ್ತಿದಾಗ ಸಾಧನ ಬಿದ್ದರಷ್ಟೇ ಸಾಲದು, ಅಡುಗೆಮನೆಯ ದೀಪಗಳೂ ಸಾಕೆಟ್ಟುಗಳೂ ನಿಲುಗಡೆಯಾದವೇ ಎಂದು ನೋಡಬೇಕು. ಇನ್‌ವರ್ಟರಿನ ಮೇಲಿರುವ ದೀಪಗಳು ಆಗ ಇನ್‌ವರ್ಟರಿನಿಂದಲೇ ಉರಿಯುತ್ತಿರಬಹುದು, ಆದುದರಿಂದ ಇನ್‌ವರ್ಟರನ್ನು ಆರಿಸಿಯೇ ಈ ಪರೀಕ್ಷೆ ಮಾಡುವುದು ಸರಿ. ಸಾಧನವನ್ನು ಬದಿಗೆ ಸರಿಸಿ ನೇರ ತಂತಿ ಕೊಟ್ಟಿದ್ದರೆ ಆಗ ಬಯಲಾಗುತ್ತದೆ.

ಟೈಲ್ಸು ಹಾಕುವ ಮುನ್ನ, ಸೀಲಿಂಗ್ ಮುಚ್ಚುವ ಮುನ್ನ, ಅಳತೆ ಪಟ್ಟಿಯನ್ನು ಗೋಡೆಗೆ ಹಿಡಿದು ಪೈಪುಗಳ ಫೋಟೋ ತೆಗೆದಿಟ್ಟುಕೊಳ್ಳುವಂತೆ ಹಾಳೆಯಲ್ಲಿಯೇ ಸೂಚನೆ ಇರಲಿ. ಎಲ್ಲರ ಕೈಯಲ್ಲೂ ಫೋನ್ ಇರುವ ಕಾಲದಲ್ಲಿ ಇದಕ್ಕೆ ಖರ್ಚೇ ಇಲ್ಲ. ನಾಳೆ ಬರುವ ಬಡಗಿಗೆ ಅದೊಂದೇ ನಕಾಶೆ.

ದೀಪ ಎಲ್ಲಿಡಬೇಕು ಎಂಬ ಸಲಹೆಯನ್ನೂ ಇದರಲ್ಲಿ ಸೇರಿಸಿದರೆ ಗ್ರಾಹಕನು ಹಾಳೆಯನ್ನು ಆಸಕ್ತಿಯಿಂದ ಓದಿಯಾನು. ಕೋಣೆಯ ನಡುವೆ ಸಾಲಾಗಿ ದೀಪ ಕೂಡಿಸುವುದು ಸೀಲಿಂಗಿನವನಿಗೆ ಚೆಂದ ಕಾಣುತ್ತದೆ. ಕಟ್ಟೆಯ ಮುಂದೆ ನಿಂತು ತರಕಾರಿ ಹೆಚ್ಚುವವರ ಬೆನ್ನಿಗೆ ಬೆಳಕು, ಮಣೆಗೆ ಅವರದೇ ನೆರಳು. ಕಟ್ಟೆಯ ಅಂಚಿನ ನೇರಕ್ಕೆ ದೀಪ ಬಂದರೆ ಎಂಟರ ಬದಲು ನಾಲ್ಕೈದು ಸಾಕಾಗುತ್ತವೆ. ನಾಲ್ಕು ದೀಪ ಕಡಿಮೆಯಾದರೆ ಎಂಟು ಜೋಡಣೆಗಳೂ ಕಡಿಮೆಯಾಗುತ್ತವೆ. ವ್ಯಾಪಾರಿಯೊಬ್ಬ ಹೀಗೆ ಬರೆಯುವುದು ವಿಚಿತ್ರವೆನಿಸಬಹುದು, ಆದರೆ ನಾಲ್ಕು ಅಗ್ಗದ ದೀಪಗಳ ಲಾಭಕ್ಕಿಂತ ಒಂದು ಆರ್.ಸಿ.ಸಿ.ಬಿ., ಒಂದು ಕಾಯಿಲ್ ಒಳ್ಳೆಯ ವೈರು, ನಾಲ್ಕು ಜೋಡಣೆ ಡಬ್ಬಿಗಳ ಲಾಭ ಅಂಗಡಿಗೂ ಕಡಿಮೆಯಲ್ಲ.

ನಮ್ಮ ಸಂಸ್ಥೆಯ ವಿದ್ಯುತ್ ಸಾಮಗ್ರಿ ವ್ಯಾಪಾರಸ್ಥರು, ಗುತ್ತಿಗೆದಾರರು ಮತ್ತು ತಯಾರಕರು ಕೂಡಿ ಈ ಹಾಳೆಯ ನಮೂನೆಯನ್ನು ಸಿದ್ಧಪಡಿಸಿ, ಪರಿವೀಕ್ಷಣಾಲಯದ ಅಧಿಕಾರಿಗಳಿಗೆ ತೋರಿಸಿ, ಅವರ ತಿದ್ದುಪಡಿಗಳೊಂದಿಗೆ ಮುದ್ರಿಸಬೇಕೆಂದು ಸೂಚಿಸುತ್ತೇನೆ. ಮೆಗ್ಗರ್ ಇಲ್ಲದ ಎಲೆಕ್ಟ್ರಿಷಿಯನ್ನರೇ ಹೆಚ್ಚು. ಆದುದರಿಂದ ಆರಂಭದಲ್ಲಿ ಸಂಸ್ಥೆಯೇ ನಾಲ್ಕಾರು ಮೆಗ್ಗರುಗಳನ್ನು ಕೊಂಡು, ದಿನದ ಬಾಡಿಗೆಗೆ ಕೊಡುವ ವ್ಯವಸ್ಥೆ ಮಾಡಿದರೆ ಸಾಕು. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿಕೊಳ್ಳಬೇಕೆಂದು ವಿನಂತಿ.